ಬ್ಯಾರಿಸ್ಟರ್ ಅಂತುಳೆ: ಹತ್ತೊಂಬತ್ತು ತಿಂಗಳ ಮುಖ್ಯಮಂತ್ರಿ

ಕಾನೂನು ಓದುವ ಹುಡುಗರಿಗೆ ಅಂತುಳೆ ಅಂದರೆ ಒಂದು ಕೇಸಿನ ಹೆಸರು. ಅರವತ್ತು ದಾಟಿದ ಮುಂಬೈ ಕನ್ನಡಿಗರನ್ನು ಕೇಳಿದರೆ 'ಸಿಮೆಂಟ್' ಅಂತಾರೆ. ರಾಯಗಡ ಜಿಲ್ಲೆಯ ಹಳ್ಳಿಗಳಲ್ಲಿ ಕೇಳಿದರೆ ಮಾತ್ರ ಅವರು ಇವತ್ತಿಗೂ 'ಬ್ಯಾರಿಸ್ಟರ್ ಸಾಹೇಬರು'. ಒಬ್ಬನೇ ಮನುಷ್ಯನಿಗೆ ಮೂರು ನೆನಪು. ನಮ್ಮ ಸಮುದಾಯದ ಕೂಟಗಳಲ್ಲಿ ನಾಲ್ಕನೆಯ ನೆನಪೊಂದೂ ಇದೆ: "ಮಹಾರಾಷ್ಟ್ರಕ್ಕೆ ನಮ್ಮವರೊಬ್ಬರು ಸಿಎಂ ಆಗಿದ್ರು." ಇಷ್ಟು ಹೇಳಿ ಅಲ್ಲಿಗೇ ನಿಲ್ಲಿಸುತ್ತಾರೆ. ಹೇಗೆ ಆದರು, ಎಷ್ಟು ದಿನ ಇದ್ದರು, ಯಾಕೆ ಇಳಿದರು, ಇಳಿದ ಮೇಲೆ ಮತದಾರರು ಏನು ಮಾಡಿದರು ಅಂತ ಮುಂದಿನ ಪ್ರಶ್ನೆ ಕೇಳುವವರು ಕಡಿಮೆ. ಕೇಳಿದರೆ ಹೆಮ್ಮೆಗೆ ಎಲ್ಲಿ ಪೆಟ್ಟು ಬೀಳುತ್ತದೋ ಎಂಬ ಅಳುಕು ಇರಬಹುದು. ನನಗೆ ಆ ಅಳುಕು ಬೇಡ ಅನಿಸುತ್ತದೆ. ಇತಿಹಾಸ ಕಲಿಸುವವರು ಅರ್ಧ ವಾಕ್ಯಕ್ಕೆ ನಿಂತರೆ ಉಳಿದರ್ಧವನ್ನು ಬೇರೆಯವರು ತಮಗೆ ಬೇಕಾದ ಹಾಗೆ ತುಂಬುತ್ತಾರೆ.

ಅಬ್ದುಲ್ ರಹಮಾನ್ ಅಂತುಳೆ ಹುಟ್ಟಿದ್ದು 1929ರ ಫೆಬ್ರವರಿ 9ರಂದು, ಆಗಿನ ಕೊಲಾಬಾ ಜಿಲ್ಲೆಯ ಆಂಬೇತ್ ಎಂಬ ಹಳ್ಳಿಯಲ್ಲಿ. ಸಾವಿತ್ರಿ ನದಿಯ ದಡದ ಊರು ಅದು; ಆಚೆ ದಡ ದಾಟಿದರೆ ರತ್ನಾಗಿರಿ ಜಿಲ್ಲೆ. ಕೊಂಕಣಿ ಮುಸ್ಲಿಮರ ಬಗ್ಗೆ ನಮ್ಮ ಕನ್ನಡ ಓದುಗರಿಗೆ ಹೇಳಬೇಕಾದರೆ ಭಟ್ಕಳದ ನವಾಯತರನ್ನೋ ಮಂಗಳೂರಿನ ಬ್ಯಾರಿಗಳನ್ನೋ ನೆನಪಿಸಿಕೊಳ್ಳುವುದು ಸುಲಭ. ಸಮುದ್ರದ ಜೊತೆ ಬೆಳೆದವರು. ಮನೆಯ ಮಾತು ಉರ್ದುವಲ್ಲ, ಆ ಕರಾವಳಿಯದ್ದೇ ಮಾತು. ಉರ್ದು ಅವರಿಗೆ ಶಾಲೆಯ ಭಾಷೆ, ಮದರಸಾದ ಭಾಷೆ. ಮರಾಠಿ ಬೀದಿಯದ್ದೂ ಹೌದು, ಮನೆಯದ್ದೂ ಹೌದು. ಈ ಮಾತನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ. ಅಂತುಳೆಯ ರಾಜಕೀಯವನ್ನು 'ಮುಸ್ಲಿಂ ನಾಯಕ' ಎಂಬ ಒಂದೇ ಚೀಲಕ್ಕೆ ಹಾಕಿದರೆ ಅದು ಅರ್ಥವೇ ಆಗುವುದಿಲ್ಲ. ಅವರು ಮೊದಲು ಕೊಂಕಣದವರು, ಮರಾಠಿಯವರು.

ಮುಂಬೈಯಲ್ಲಿ ಓದಿ, ಲಂಡನ್ನಿನ ಲಿಂಕನ್ಸ್ ಇನ್‌ನಿಂದ ಬ್ಯಾರಿಸ್ಟರ್ ಆಗಿ ಬಂದು, 1962ರಲ್ಲಿ ಮಹಾರಾಷ್ಟ್ರ ವಿಧಾನಸಭೆಗೆ ಕಾಂಗ್ರೆಸ್ಸಿನಿಂದ ಆಯ್ಕೆಯಾದರು. ಆಗ ಅವರಿಗೆ 33 ವರ್ಷ. 1976ರವರೆಗೆ ಶಾಸಕರಾಗಿ ಉಳಿದರು, ನಡುವೆ ಮಂತ್ರಿಯೂ ಆದರು. ಕೊಲಾಬಾದಲ್ಲಿ ಕಾಂಗ್ರೆಸ್ಸಿಗೆ ಗೆಲುವು ಪುಕ್ಕಟೆ ಸಿಗುತ್ತಿರಲಿಲ್ಲ. ಅಲಿಬಾಗ್, ಪೇಣ್, ಪನ್ವೇಲ್ ಕಡೆ ಶೇತ್ಕರಿ ಕಾಮ್‌ಗಾರ್ ಪಕ್ಷ, ಅಂದರೆ ರೈತ ಕಾರ್ಮಿಕರ ಪಕ್ಷ, ಬೇರು ಬಿಟ್ಟಿತ್ತು. ಜಿಲ್ಲೆಯ ಮತದಾರರಲ್ಲಿ ಹೆಚ್ಚಿನವರು ಆಗರಿ, ಕೋಳಿ, ಕುಣಬಿ, ಮರಾಠರು. ಮುಸ್ಲಿಮರು ಎಲ್ಲರೂ ಒಟ್ಟಾಗಿ ಮತ ಹಾಕಿದರೂ ಗೆಲ್ಲಿಸಲಾರದಷ್ಟು ಕಡಿಮೆ. ಇಂಥ ಕಡೆ ಮತ್ತೆ ಮತ್ತೆ ಗೆದ್ದು ಬರಬೇಕಾದರೆ ಬೇರೆಯವರ ಅಂಗಳದಲ್ಲಿ ಕೂತು ಮಾತಾಡುವ ಕಲೆ ಬೇಕು. ಅದು ಅವರಿಗಿತ್ತು.

ಇನ್ನು ಕನ್ನಡಿಗರಾದ ನಮಗೆ ನೇರವಾಗಿ ತಟ್ಟುವ ಸಂಗತಿ. ಗಡಿ ವಿವಾದದ ಮಹಾಜನ ಆಯೋಗವನ್ನು ಕೇಂದ್ರ ಸರ್ಕಾರ ನೇಮಿಸಿದ್ದು 1966ರಲ್ಲಿ, ವರದಿ ಬಂದದ್ದು 1967ರಲ್ಲಿ. ಬೆಳಗಾವಿ ನಗರ ಕರ್ನಾಟಕದಲ್ಲೇ (ಆಗಿನ ಮೈಸೂರು ರಾಜ್ಯ) ಇರಲಿ, 264 ಹಳ್ಳಿಗಳು ಮಹಾರಾಷ್ಟ್ರಕ್ಕೆ ಹೋಗಲಿ, 247 ಹಳ್ಳಿಗಳು ಕರ್ನಾಟಕಕ್ಕೆ ಬರಲಿ ಎಂದಿತು ವರದಿ. ಕೇರಳದ ಕಾಸರಗೋಡಿನಲ್ಲಿ ಚಂದ್ರಗಿರಿ ನದಿಯ ಉತ್ತರದ ಭಾಗವನ್ನೂ ಕರ್ನಾಟಕಕ್ಕೆ ಕೊಡಿ ಎಂದಿತು. ಕರ್ನಾಟಕ ಒಪ್ಪಿತು, ಮಹಾರಾಷ್ಟ್ರ ತಿರಸ್ಕರಿಸಿತು. ಆ ತಿರಸ್ಕಾರಕ್ಕೆ ವಕೀಲರ ಭಾಷೆಯಲ್ಲಿ ವಾದ ಕಟ್ಟಿಕೊಟ್ಟವರು ಯಾರು? ಇದೇ ಅಂತುಳೆ. 'ಮಹಾಜನ್ ರಿಪೋರ್ಟ್ ಅನ್‌ಕವರ್ಡ್' ಎಂಬ ಇಂಗ್ಲಿಷ್ ಪುಸ್ತಕ ಅವರದ್ದು. ಆಯೋಗ ಒಂದೊಂದು ಊರಿಗೆ ಒಂದೊಂದು ಅಳತೆಗೋಲು ಹಿಡಿದಿದೆ, ಹಳ್ಳಿಯನ್ನೇ ಘಟಕ ಮಾಡಿ ಎಲ್ಲ ಕಡೆ ಒಂದೇ ತತ್ತ್ವ ಅನ್ವಯಿಸಬೇಕಿತ್ತು ಅನ್ನುವುದು ಮಹಾರಾಷ್ಟ್ರದ ವಾದ. ಆ ವಾದಕ್ಕೆ ಮೊದಲ ಅಡಿಪಾಯ ಹಾಕಿದವರಲ್ಲಿ ಅವರು ಪ್ರಮುಖರು.

ಪುಣೆ, ಸೊಲ್ಲಾಪುರದಲ್ಲಿ ಬದುಕುವ ನನ್ನಂಥ ಕನ್ನಡಿಗರಿಗೆ ಇದು ಸ್ವಲ್ಪ ಇರುಸುಮುರುಸಿನ ವಿಷಯವೇ. 'ನಮ್ಮವರು' ಅಂತ ಎದೆ ತಟ್ಟಿಕೊಳ್ಳುವ ನಾಯಕ ನಮ್ಮ ಬೆಳಗಾವಿಯ ವಿರುದ್ಧ ಪುಸ್ತಕ ಬರೆದವರು! ಆದರೆ ನನಗೆ ಇದರಲ್ಲಿ ಒಂದು ಆರೋಗ್ಯವೂ ಕಾಣುತ್ತದೆ. ಗಡಿ ಪ್ರಶ್ನೆಯಲ್ಲಿ ಮಹಾರಾಷ್ಟ್ರದ ಮುಸ್ಲಿಂ ಶಾಸಕ ಮಹಾರಾಷ್ಟ್ರದ ಪರ ನಿಂತರು. ಕರ್ನಾಟಕದ ಮುಸ್ಲಿಂ ಶಾಸಕ ಕರ್ನಾಟಕದ ಪರ ನಿಲ್ಲುತ್ತಾರೆ. ಧರ್ಮ ಇಲ್ಲಿ ಲೆಕ್ಕಕ್ಕೇ ಬರಲಿಲ್ಲ. "ಇವರ ನಿಷ್ಠೆ ಎಲ್ಲಿದೆ" ಅಂತ ಕೇಳುವವರಿಗೆ ಇದಕ್ಕಿಂತ ನೇರವಾದ ಉದಾಹರಣೆ ಬೇಕಿಲ್ಲ. ಇನ್ನೊಂದು ಮಾತು: ವರದಿ ಜಾರಿಯಾಗದೆ ಉಳಿದದ್ದರಿಂದ ಬೆಳಗಾವಿ ಹೋಗಲಿಲ್ಲ ನಿಜ, ಅಕ್ಕಲಕೋಟೆ ಮತ್ತು ಜತ್ತ ಕಡೆಯ ಕನ್ನಡ ಹಳ್ಳಿಗಳೂ ಈಚೆಗೆ ಬರಲಿಲ್ಲ. ಆ ಕಡೆಯ ಕನ್ನಡ ಶಾಲೆಗಳ ಪಾಡು ಬಲ್ಲವರಿಗೆ ಇದು ಗೊತ್ತು. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಅಂತುಳೆ ಪುಸ್ತಕ ಬರೆದಾಗ ಹುಟ್ಟಿದ ಮಗು ಈಗ ನಿವೃತ್ತಿಯ ಅಂಚಿನಲ್ಲಿದೆ, ವಿವಾದಕ್ಕೆ ಮಾತ್ರ ನಿವೃತ್ತಿ ಇಲ್ಲ.

ತುರ್ತುಪರಿಸ್ಥಿತಿಯ ಕಾಲಕ್ಕೆ ಬರೋಣ. 1975ರ ಕೊನೆಗೆ ದೆಹಲಿಯಲ್ಲಿ ಒಂದು ಕರಡು ಗುಟ್ಟಾಗಿ ಓಡಾಡಿತು. ಸಂವಿಧಾನವನ್ನು ಹೊಸದಾಗಿ ನೋಡಬೇಕು, ಅಧ್ಯಕ್ಷೀಯ ಮಾದರಿಯ ಬಲವಾದ ಅಧಿಕಾರ ಬೇಕು, ನ್ಯಾಯಾಲಯಗಳ ಕೈ ಕಟ್ಟಬೇಕು ಎಂಬ ಧಾಟಿಯದ್ದು. ಅದರ ಹಿಂದೆ ಅಂತುಳೆಯ ಕೈ ಇತ್ತು ಎಂದು ಸಂವಿಧಾನದ ಇತಿಹಾಸ ಬರೆದವರು ಹೇಳುತ್ತಾರೆ. ಟೀಕೆ ಬಂದ ಮೇಲೆ ಆ ಕರಡನ್ನು ಮೂಲೆಗೆ ಹಾಕಲಾಯಿತು. ಮುಂದೆ ಅದೇ ನ್ಯಾಯಾಲಯಗಳ ಬಾಗಿಲಲ್ಲಿ ಅವರು ಎಷ್ಟು ವರ್ಷ ನಿಲ್ಲಬೇಕಾಯಿತು ಅಂತ ನೆನೆದರೆ ಸುಮ್ಮನಿರಲು ಆಗುವುದಿಲ್ಲ. 1976ರಲ್ಲಿ ರಾಜ್ಯಸಭೆಗೆ ಹೋದರು. 1977ರಲ್ಲಿ ಇಂದಿರಾ ಸೋತರು. ದೊಡ್ಡ ದೊಡ್ಡವರೆಲ್ಲ ಕೈಬಿಟ್ಟು ಹೋದರು, 1978ರಲ್ಲಿ ಪಕ್ಷ ಒಡೆಯಿತು, ಮಹಾರಾಷ್ಟ್ರದ ಘಟಾನುಘಟಿಗಳು ಇನ್ನೊಂದು ಕಾಂಗ್ರೆಸ್ಸಿಗೆ ಸರಿದರು. ಅಂತುಳೆ ಮಾತ್ರ ಇಂದಿರಾ ಅವರ ಹಿಂದೆ ಗಟ್ಟಿಯಾಗಿ ನಿಂತರು.

ಅದಕ್ಕೆ ಪ್ರತಿಫಲ 1980ರಲ್ಲಿ ಸಿಕ್ಕಿತು. ಇಂದಿರಾ ಮತ್ತೆ ಪ್ರಧಾನಿಯಾದ ಮೇಲೆ ಫೆಬ್ರವರಿಯಲ್ಲಿ ಶರದ್ ಪವಾರ್ ಸರ್ಕಾರ ವಜಾ ಆಯಿತು, ರಾಷ್ಟ್ರಪತಿ ಆಳ್ವಿಕೆ ಬಂತು. ಆಮೇಲಿನ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ 288ರಲ್ಲಿ 186 ಸ್ಥಾನ ಗೆದ್ದಿತು. 1980ರ ಜೂನ್ 9ರಂದು ಅಂತುಳೆ ಮುಖ್ಯಮಂತ್ರಿ. ಸಕ್ಕರೆ ಕಾರ್ಖಾನೆ, ಸಹಕಾರಿ ಬ್ಯಾಂಕು ಹಿಡಿದಿದ್ದ ಪಶ್ಚಿಮ ಮಹಾರಾಷ್ಟ್ರದ ಮರಾಠಾ ಮುಖಂಡರನ್ನು ಬದಿಗಿಟ್ಟು ಕೊಂಕಣದ ಒಬ್ಬ ಮುಸ್ಲಿಮನನ್ನು ಕೂರಿಸಿದ್ದು ಜಾತ್ಯತೀತತೆಯ ಪ್ರೀತಿಯಿಂದ ಮಾತ್ರವಲ್ಲ. ಸ್ವಂತ ಜಾತಿಬಲ ಇಲ್ಲದವನು ಕುರ್ಚಿಗೆ ದೆಹಲಿಯನ್ನೇ ನೆಚ್ಚಿಕೊಂಡಿರಬೇಕು ಎಂಬ ಲೆಕ್ಕ ಅದು. ಅದೇ ವರ್ಷ ಬೆಂಗಳೂರಿನಲ್ಲಿ ಗುಂಡೂರಾವ್ ಕೂತದ್ದೂ ಇದೇ ಲೆಕ್ಕದಲ್ಲಿ. ನಮ್ಮ ಹಿರಿಯರು ಇಬ್ಬರನ್ನೂ ಒಂದೇ ಉಸಿರಲ್ಲಿ ಬೈಯುತ್ತಿದ್ದುದು ಯಾಕೆ ಅಂತ ಈಗ ಗೊತ್ತಾಗುತ್ತದೆ.

ಇದರ ಜೊತೆ ಇನ್ನೊಂದು ಸೋಜಿಗ. ಆ ಚುನಾವಣೆಯಲ್ಲಿ ಶಿವಸೇನೆ ಸ್ಪರ್ಧಿಸದೆ ಇಂದಿರಾ ಕಾಂಗ್ರೆಸ್ಸನ್ನು ಬೆಂಬಲಿಸಿತ್ತು. ಬಾಳ ಠಾಕ್ರೆ ಮತ್ತು ಅಂತುಳೆ ಸ್ನೇಹಿತರು. ಇಂದಿನ ಹುಡುಗರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ, ಆದರೆ ಆಗಿನ ಮುಂಬೈ ಬಲ್ಲವರಿಗೆ ಇದು ಗುಟ್ಟೇ ಅಲ್ಲ.

ಹತ್ತೊಂಬತ್ತು ತಿಂಗಳಲ್ಲಿ ಅವರು ಮಾಡಿದ ಕೆಲಸದ ವೇಗ ಮಾತ್ರ ಯಾರೂ ಅಲ್ಲಗಳೆಯದ್ದು. ಕಡತ ಮೇಜಿನ ಮೇಲೆ ಮಲಗಲು ಬಿಡುತ್ತಿರಲಿಲ್ಲ. ಕೊಲಾಬಾ ಜಿಲ್ಲೆಗೆ ಶಿವಾಜಿಯ ರಾಜಧಾನಿಯ ಹೆಸರು ಕೊಟ್ಟು 1981ರಲ್ಲಿ ರಾಯಗಡ ಮಾಡಿದರು. ಅದೇ ವರ್ಷ ಮೇ 1ರಂದು ರತ್ನಾಗಿರಿಯಿಂದ ಸಿಂಧುದುರ್ಗ, ಔರಂಗಾಬಾದ್ ಕಡೆಯಿಂದ ಜಾಲ್ನಾ, ಹೀಗೆ ಎರಡು ಹೊಸ ಜಿಲ್ಲೆಗಳು. ಸಿಂಧುದುರ್ಗ ಕೂಡ ಶಿವಾಜಿ ಕಟ್ಟಿದ ಸಮುದ್ರಕೋಟೆಯ ಹೆಸರು. ಲಂಡನ್ನಿನಲ್ಲಿದೆ ಎನ್ನುವ ಭವಾನಿ ಖಡ್ಗವನ್ನು ವಾಪಸ್ ತರುತ್ತೇನೆ ಎಂದೂ ಘೋಷಿಸಿದರು. ಖಡ್ಗ ಬರಲಿಲ್ಲ, ಸುದ್ದಿ ಮಾತ್ರ ಭರ್ಜರಿಯಾಗಿ ಬಂತು.

ನಮ್ಮ ಕೆಲವರು ಇದನ್ನು "ಮುಸ್ಲಿಂ ಸಿಎಂ ಹಿಂದೂಗಳನ್ನು ಮೆಚ್ಚಿಸಲು ಮಾಡಿದ ನಾಟಕ" ಅಂತ ಹಗುರ ಮಾಡುತ್ತಾರೆ. ಅಷ್ಟು ಸರಳವಲ್ಲ. ಶಿವಾಜಿಯ ನೌಕಾಪಡೆಯಲ್ಲಿ ದೌಲತ್ ಖಾನ್ ಎಂಬ ಸೇನಾನಿ ಇದ್ದ. ಅದೇ ಕರಾವಳಿಯ ಜಂಜೀರಾ ಕೋಟೆಯಲ್ಲಿ ಶಿವಾಜಿಗೆ ಮಣಿಯದ ಸಿದ್ದಿಗಳೂ ಇದ್ದರು. ಎರಡೂ ಇಂದಿನ ರಾಯಗಡ ಜಿಲ್ಲೆಯ ಚರಿತ್ರೆಯೇ. ಕೊಂಕಣಿ ಮುಸ್ಲಿಮನಿಗೆ ಶಿವಾಜಿ ಪರಕೀಯ ಅಲ್ಲ, ಊರಿನ ಕಥೆ. ರಾಜಕೀಯ ಲಾಭ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ, ಇದ್ದೇ ಇತ್ತು. ಲಾಭ ಇದ್ದ ಮಾತ್ರಕ್ಕೆ ಅಭಿಮಾನ ಸುಳ್ಳಾಗಬೇಕಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಬಾಳಿಕೆ ಬಂದದ್ದು ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆ. ದಿಕ್ಕಿಲ್ಲದ ವಿಧವೆಯರು, ಅಂಧರು, ಅಂಗವಿಕಲರು, ದುಡಿಯಲಾಗದವರಿಗೆ ತಿಂಗಳಿಗೆ ಇಷ್ಟು ಅಂತ ಸರ್ಕಾರದ ಹಣ. 1980ರಲ್ಲಿ ಶುರುವಾದದ್ದು ಇವತ್ತಿಗೂ ನಡೆಯುತ್ತಿದೆ. ಹೆಸರು ನೋಡಿದರೆ ದೆಹಲಿಗೆ ಹೊಡೆದ ಸಲಾಮು, ಕೆಲಸ ನೋಡಿದರೆ ಬಡವರ ಮನೆಗೆ ಹೋದ ದುಡ್ಡು. ತಹಶೀಲ್ದಾರ್ ಕಚೇರಿಯ ಮುಂದೆ ಸಾಲಿನಲ್ಲಿ ಕೂತ ಮುದುಕಿಗೆ ಸಂಜಯ ಗಾಂಧಿ ಯಾರು ಅಂತ ಗೊತ್ತಿರಬೇಕಿಲ್ಲ.

ಅದೇ ಬಡವರ ಮೇಲೆ ಅವರದೇ ಕೈ ಬಿದ್ದದ್ದೂ ಉಂಟು. 1981ರ ಜುಲೈ 13ರಂದು, ಮಳೆಗಾಲದ ನಡುವೆ, ಮುಂಬೈಯ ಫುಟ್‌ಪಾತ್ ನಿವಾಸಿಗಳನ್ನು ಎಬ್ಬಿಸಿ ಅವರವರ ಊರಿಗೆ, ಬೇರೆ ರಾಜ್ಯದವರಾದರೆ ಆ ರಾಜ್ಯಕ್ಕೆ ಕಳಿಸುವುದಾಗಿ ಘೋಷಿಸಿದರು. ಗುಡಿಸಲು ಕೆಡವಿದರು, ಜನರನ್ನು ಬಸ್ಸಿಗೆ ತುಂಬಿದರು. ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಮತ್ತು ಫುಟ್‌ಪಾತ್ ನಿವಾಸಿಗಳೇ ಕೆಲವರು ಕೋರ್ಟಿಗೆ ಹೋದರು. ಅರ್ಜಿದಾರರಲ್ಲಿ ಸೇಲಂನಿಂದ ಕೆಲಸ ಹುಡುಕಿ ಬಂದ ತಮಿಳು ಕೂಲಿಯೊಬ್ಬರಿದ್ದರು. ಕಲಬುರಗಿ, ವಿಜಯಪುರದಿಂದ ಬರಗಾಲಕ್ಕೆ ಊರು ಬಿಟ್ಟು ಮುಂಬೈ ಸೇರಿದ ನಮ್ಮ ಜನರ ಕಥೆಯೂ ಅದೇ. 1985ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಬದುಕುವ ಹಕ್ಕಿನೊಳಗೆ ದುಡಿದು ತಿನ್ನುವ ಹಕ್ಕೂ ಸೇರಿದೆ, ನೋಟಿಸ್ ಕೊಡದೆ ಎಬ್ಬಿಸುವುದು ಸಲ್ಲ. ಎಬ್ಬಿಸುವುದೇ ತಪ್ಪು ಅಂತ ಕೋರ್ಟ್ ಹೇಳಲಿಲ್ಲ, ಇದನ್ನು ಮರೆಯಬಾರದು. ಆದರೂ ಸಂವಿಧಾನದ 21ನೇ ವಿಧಿಯ ಪಾಠದಲ್ಲಿ ಈ ತೀರ್ಪು ಇಲ್ಲದ ಪುಸ್ತಕವಿಲ್ಲ. ಅದಕ್ಕೆ ಕಾರಣವಾದ ಆದೇಶ ಅಂತುಳೆಯದ್ದು.

ಈಗ ಸಿಮೆಂಟಿಗೆ ಬರೋಣ. ಆಗ ಸಿಮೆಂಟ್ ಅಂಗಡಿಗೆ ಹೋಗಿ ಕೊಳ್ಳುವ ಸಾಮಾನಾಗಿರಲಿಲ್ಲ. ಬೆಲೆ, ಹಂಚಿಕೆ ಎರಡೂ ಸರ್ಕಾರದ ಕೈಯಲ್ಲಿ. ಪರ್ಮಿಟ್ ಬೇಕು. ಪರ್ಮಿಟ್ ಬೆಲೆಗೂ ಕಾಳಸಂತೆಯ ಬೆಲೆಗೂ ಭಾರಿ ವ್ಯತ್ಯಾಸ. ಹಾಗಾಗಿ ಹಂಚಿಕೆಯ ಒಂದು ಸಹಿ ಅಂದರೆ ಕಟ್ಟಡದವರಿಗೆ ನೇರ ಲಾಭ. ಅಂತುಳೆ 'ಇಂದಿರಾ ಗಾಂಧಿ ಪ್ರತಿಭಾ ಪ್ರತಿಷ್ಠಾನ' ಎಂಬ ಟ್ರಸ್ಟ್ ಮಾಡಿದರು. ಸಾಹಿತಿ ಕಲಾವಿದರಿಗೆ ನೆರವು ಎಂಬುದು ಉದ್ದೇಶ. ಇನ್ನೂ ಕೆಲವು ಟ್ರಸ್ಟ್‌ಗಳಿದ್ದವು. ಸಕ್ಕರೆ ಕಾರ್ಖಾನೆಗಳಿಂದ, ಬಿಲ್ಡರ್‌ಗಳಿಂದ ಅವುಗಳಿಗೆ ದೇಣಿಗೆ ಹರಿಯಿತು. 1981ರ ಆಗಸ್ಟ್ 31ರಂದು ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆಯಲ್ಲಿ ಅರುಣ್ ಶೌರಿ ಬರೆದ ವರದಿ ಬಂತು. ಯಾರಿಗೆ ಸಿಮೆಂಟ್ ಸಿಕ್ಕಿತು, ಅವರಿಂದ ಟ್ರಸ್ಟಿಗೆ ಎಷ್ಟು ಬಂತು ಎಂಬ ಲೆಕ್ಕಗಳು. ಸಂಸತ್ತಿನಲ್ಲಿ ಗದ್ದಲ. ಜನತಾ ಪಕ್ಷದ ಪಿ.ಬಿ. ಸಾಮಂತ್ ಮುಂತಾದವರ ಅರ್ಜಿ ಬಾಂಬೆ ಹೈಕೋರ್ಟಿಗೆ ಬಂತು. 1982ರ ಜನವರಿ 12ರಂದು ನ್ಯಾಯಮೂರ್ತಿ ಲೆಂಟಿನ್, ಸಿಮೆಂಟ್ ಹಂಚಿಕೆಗೂ ದೇಣಿಗೆಗೂ ನಂಟು ಇತ್ತು ಎಂದು ತೀರ್ಪು ಕೊಟ್ಟರು. ಅದೇ ದಿನ ಅಂತುಳೆ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಬಾಬಾಸಾಹೇಬ ಭೋಸಲೆ ಬಂದರು. ಇದಾಗಿ ಏಳು ವಾರಕ್ಕೆ, ಫೆಬ್ರವರಿ ಕೊನೆಗೆ, ಕೇಂದ್ರ ಸರ್ಕಾರ ಸಿಮೆಂಟ್ ಮೇಲಿನ ನಿಯಂತ್ರಣವನ್ನು ಭಾಗಶಃ ತೆಗೆಯಿತು.

ಹತ್ತನೇ ತರಗತಿಯ ಹುಡುಗನೊಬ್ಬ ಒಮ್ಮೆ ನನ್ನನ್ನು ಕೇಳಿದ: "ಸರ್, ದುಡ್ಡು ಟ್ರಸ್ಟಿಗೆ ಹೋಯ್ತಲ್ಲ, ಅವರ ಜೇಬಿಗೆ ಹೋಗಲಿಲ್ಲವಲ್ಲ, ಮತ್ತೆ ತಪ್ಪೇನು?" ಒಳ್ಳೆಯ ಪ್ರಶ್ನೆ. ದೊಡ್ಡವರೂ ಇದನ್ನೇ ಕೇಳುತ್ತಾರೆ. ನಾನು ಹೇಳಿದ್ದು ಇಷ್ಟು: ಮಸೀದಿ ಕಮಿಟಿಯ ರಶೀದಿ ಪುಸ್ತಕ ಇಟ್ಟುಕೊಂಡು ರೇಷನ್ ಕಾರ್ಡ್ ಕೊಡುವ ಅಧಿಕಾರಿ ಕೂತಿದ್ದಾನೆ ಅಂತ ಅಂದುಕೋ. ಚಂದಾ ಕೊಟ್ಟವರಿಗೆ ಕಾರ್ಡು ಬೇಗ ಸಿಗುತ್ತದೆ. ಚಂದಾ ಮಸೀದಿಗೇ ಹೋಗುತ್ತದೆ, ಅವನ ಮನೆಗಲ್ಲ. ಆದರೂ ಕಾರ್ಡು ಸಿಗದೆ ಉಳಿದವನು ಯಾರು? ಚಂದಾ ಕೊಡಲಾಗದವನು. ಹುಡುಗ ಸುಮ್ಮನಾದ. ಪಕ್ಕದ ಹುಡುಗಿ, "ಆದ್ರೆ ಸರ್, ಎಲ್ಲಾ ಪಾರ್ಟಿಯವರೂ ಹೀಗೇ ಮಾಡ್ತಾರಲ್ಲ" ಅಂದಳು. ಅದೂ ಒಳ್ಳೆಯ ಪ್ರಶ್ನೆಯೇ. ಆಗ ಹಾಗೆ ಮಾಡಿದವರು ಅಂತುಳೆ ಒಬ್ಬರೇ ಅಂತ ಯಾರೂ ನಂಬುವುದಿಲ್ಲ. ಚೆಕ್ಕಿನಲ್ಲಿ, ಟ್ರಸ್ಟಿನ ಹೆಸರಲ್ಲಿ, ದಾಖಲೆ ಇಟ್ಟು ಮಾಡಿದವರು ಅವರು, ಅದಕ್ಕೇ ಸಿಕ್ಕಿಬಿದ್ದರು ಎನ್ನುವವರೂ ಇದ್ದಾರೆ. ಹಿಂದೆ ನಿಂತು ಕಾಪಾಡಲು ಜಾತಿಯ ಸೇನೆ ಅವರಿಗಿರಲಿಲ್ಲ ಎಂಬುದನ್ನೂ ಸೇರಿಸಬಹುದು. ಇವೆಲ್ಲ ಅವರು ಯಾಕೆ ಬಿದ್ದರು ಎಂಬುದಕ್ಕೆ ಕಾರಣಗಳು. ಅವರು ಮಾಡಿದ್ದು ಸರಿ ಎಂಬುದಕ್ಕೆ ಅಲ್ಲ.

ಆಮೇಲೆ ಶುರುವಾದದ್ದು ಕೋರ್ಟಿನ ಕಥೆ. ಕಾನೂನು ಓದುವ ನಮ್ಮ ಮಕ್ಕಳಿಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮುಂಬೈಯ ಬಿಜೆಪಿ ನಾಯಕ ರಾಮದಾಸ್ ನಾಯಕ್ ಖಾಸಗಿ ದೂರು ಕೊಟ್ಟರು. ಅದಕ್ಕೇ ಎಲ್ಲ ತೀರ್ಪುಗಳಲ್ಲೂ 'ಅಂತುಳೆ' ಜೊತೆ 'ನಾಯಕ್' ಇರುವುದು. ಮೊದಲ ಪ್ರಶ್ನೆ: ಅಂತುಳೆ ಮುಖ್ಯಮಂತ್ರಿ ಹುದ್ದೆ ಬಿಟ್ಟಿದ್ದಾರೆ, ಆದರೆ ಇನ್ನೂ ಶಾಸಕರು. ಶಾಸಕ 'ಸಾರ್ವಜನಿಕ ನೌಕರ' ಆದರೆ ಮೊಕದ್ದಮೆಗೆ ಮುಂಚೆ ಅನುಮತಿ ಬೇಕು. 1984ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು, ಆ ಕಾನೂನಿನ ಅರ್ಥದಲ್ಲಿ ಶಾಸಕ ಸಾರ್ವಜನಿಕ ನೌಕರನಲ್ಲ, ಅನುಮತಿ ಬೇಡ ಎಂದರು. ಜೊತೆಗೆ, ಕೇಸು ಬೇಗ ಮುಗಿಯಲಿ ಅಂತ ವಿಶೇಷ ನ್ಯಾಯಾಧೀಶರಿಂದ ತೆಗೆದು ನೇರ ಹೈಕೋರ್ಟಿಗೆ ಕೊಟ್ಟರು.

ಎಡವಟ್ಟಾದದ್ದು ಈ ಎರಡನೇ ಆದೇಶದಲ್ಲಿ. 1952ರ ಕಾನೂನಿನ ಪ್ರಕಾರ ಇಂಥ ಕೇಸನ್ನು ವಿಶೇಷ ನ್ಯಾಯಾಧೀಶರೇ ನಡೆಸಬೇಕು. ಮೊದಲೇ ಹೈಕೋರ್ಟಿಗೆ ಹೋದರೆ ಆರೋಪಿಗೆ ಒಂದು ಮೇಲ್ಮನವಿಯ ಮೆಟ್ಟಿಲು ತಪ್ಪಿಹೋಗುತ್ತದೆ. ಅಂತುಳೆ ಇದನ್ನೇ ಹಿಡಿದು ಹೋರಾಡಿದರು. 1988ರ ಏಪ್ರಿಲ್ 29ರಂದು ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ, ನಾವೇ ಕೊಟ್ಟ ಆ ವರ್ಗಾವಣೆಯ ಆದೇಶ ತಪ್ಪು, ಕೋರ್ಟಿನ ತಪ್ಪಿಗೆ ಆರೋಪಿ ನರಳಬಾರದು ಎಂದಿತು. ಸುಪ್ರೀಂ ಕೋರ್ಟ್ ತನ್ನದೇ ಆದೇಶವನ್ನು ಹೀಗೆ ಹಿಂತೆಗೆದುಕೊಳ್ಳುವುದು ಸಣ್ಣ ಮಾತಲ್ಲ. ಕೆಲವರು ಇದನ್ನು ದೊಡ್ಡವರಿಗೆ ಸಿಕ್ಕ ದೊಡ್ಡ ರಿಯಾಯಿತಿ ಅಂತಾರೆ. ನನಗೆ ಹಾಗನಿಸುವುದಿಲ್ಲ. ಬ್ಯಾರಿಸ್ಟರ್ ಆದದ್ದರಿಂದ, ಕೈಯಲ್ಲಿ ದುಡ್ಡು ಇದ್ದದ್ದರಿಂದ ಅವರು ಅಲ್ಲಿಯವರೆಗೆ ಹೋಗಲು ಸಾಧ್ಯವಾಯಿತು, ನಿಜ. ಅವರು ಗೆದ್ದ ಮಾತು ಮಾತ್ರ ದುಡ್ಡಿಲ್ಲದ ಆರೋಪಿಯ ಕೇಸಿನಲ್ಲೂ ವಕೀಲರು ಇವತ್ತು ಎತ್ತಿ ಆಡುವ ಮಾತು. ವಿಚಾರಣಾಧೀನ ಕೈದಿಗಳಲ್ಲಿ ನಮ್ಮ ಹುಡುಗರು ಎಷ್ಟಿದ್ದಾರೆ ಎಂಬುದನ್ನು ನೆನೆದರೆ ಇದರ ಬೆಲೆ ಗೊತ್ತಾಗುತ್ತದೆ.

ಮೂರನೆಯದು ಇನ್ನೂ ಹತ್ತಿರದ್ದು. ಇಷ್ಟು ವರ್ಷ ಎಳೆದಾಡಿದ ಮೇಲೆ, ಶೀಘ್ರ ವಿಚಾರಣೆ ನನ್ನ ಹಕ್ಕು ಎಂದು ಅವರು ಕೇಳಿದರು. 1991ರ ಡಿಸೆಂಬರಿನಲ್ಲಿ ಸಂವಿಧಾನ ಪೀಠ, ಶೀಘ್ರ ವಿಚಾರಣೆ 21ನೇ ವಿಧಿಯ ಹಕ್ಕೇ ಹೌದು, ಆದರೆ ಇಂತಿಷ್ಟೇ ವರ್ಷ ಅಂತ ಗಡುವು ಹಾಕಲಾಗದು, ತಡ ಯಾರಿಂದ ಆಯಿತು ಎಂದು ಕೇಸು ಕೇಸಿಗೂ ನೋಡಬೇಕು ಎಂದು ಮಾರ್ಗಸೂಚಿ ಕೊಟ್ಟಿತು. ಇದರ ಮೇಲೆ ಮತ್ತೆ ಗೊಂದಲವಾಗಿ, 2002ರಲ್ಲಿ ಏಳು ನ್ಯಾಯಮೂರ್ತಿಗಳು 'ಅಂತುಳೆ ಪ್ರಕರಣದಲ್ಲಿ ಹೇಳಿದ್ದೇ ಸರಿ' ಎಂದು ಮತ್ತೆ ಮುದ್ರೆ ಒತ್ತಿದ ಕೇಸು ಕರ್ನಾಟಕದ್ದು: ಪಿ. ರಾಮಚಂದ್ರ ರಾವ್ ವಿರುದ್ಧ ಕರ್ನಾಟಕ ರಾಜ್ಯ. ಅಂತುಳೆಗೆ ಕೊನೆಗೂ ಶಿಕ್ಷೆಯಾಗಲಿಲ್ಲ.

ಹಾಗಾದರೆ ಮತದಾರರು ಏನು ಮಾಡಿದರು? ಕೆಲಕಾಲ ಪಕ್ಷದಿಂದ ದೂರವಾಗಿ ಮತ್ತೆ ಮರಳಿದ ಅಂತುಳೆಯನ್ನು 1989ರಲ್ಲಿ ಕೊಲಾಬಾ ಕ್ಷೇತ್ರದ ಜನ ಲೋಕಸಭೆಗೆ ಕಳಿಸಿದರು. ದೇಶದಲ್ಲಿ ಕಾಂಗ್ರೆಸ್ ಸೋತ ವರ್ಷ ಅದು. 1991ರಲ್ಲಿ ಮತ್ತೆ. 1996ರಲ್ಲಿ ಮತ್ತೆ, ಅದೂ ಬಾಬರಿ ಮಸೀದಿ ಉರುಳಿ, ಮುಂಬೈ ಗಲಭೆ, ಬಾಂಬ್ ಸ್ಫೋಟ ಎಲ್ಲ ಆದ ಮೇಲಿನ ಚುನಾವಣೆ. ಮುಂಬೈಗೆ ಕೂಗಳತೆಯ ಜಿಲ್ಲೆಯಲ್ಲಿ, ಬಹುಸಂಖ್ಯಾತ ಹಿಂದೂ ಮತದಾರರು ಒಬ್ಬ ಮುಸ್ಲಿಂ ಅಭ್ಯರ್ಥಿಯನ್ನು ಗೆಲ್ಲಿಸಿದರು. ಈ ಒಂದು ಅಂಕಿಯನ್ನು ನಮ್ಮ ಮಕ್ಕಳಿಗೆ ಹೇಳಲೇಬೇಕು ಅಂತ ನನಗೆ ತುಂಬಾ ಸಲ ಅನಿಸಿದೆ. 1998, 1999ರಲ್ಲಿ ಆ ಕ್ಷೇತ್ರ ಶೇತ್ಕರಿ ಕಾಮ್‌ಗಾರ್ ಪಕ್ಷದ ರಾಮಶೇಠ್ ಠಾಕೂರ್ ಪಾಲಾಯಿತು. 2004ರಲ್ಲಿ, 75ನೇ ವಯಸ್ಸಿನಲ್ಲಿ, ಅಂತುಳೆ ಅದನ್ನು ಮತ್ತೆ ಗೆದ್ದರು.

ಅವರ ಮಂತ್ರಿಗಿರಿಯಲ್ಲಿ ನರಸಿಂಹರಾವ್ ಕಾಲದ ಆರೋಗ್ಯ ಖಾತೆ (1995–96) ಹೆಚ್ಚು ಗುರುತು ಬಿಡಲಿಲ್ಲ. 2006ರ ಜನವರಿಯಲ್ಲಿ ಅಲ್ಪಸಂಖ್ಯಾತ ವ್ಯವಹಾರಗಳಿಗೆಂದೇ ಹೊಸ ಸಚಿವಾಲಯ ಹುಟ್ಟಿತಲ್ಲ, ಅದರ ಮೊದಲ ಮಂತ್ರಿ ಇವರು. ಅದೇ ವರ್ಷ ನವೆಂಬರಿನಲ್ಲಿ ಸಾಚಾರ್ ವರದಿ ಸಂಸತ್ತಿಗೆ ಬಂತು. ಮೆಟ್ರಿಕ್ ಪೂರ್ವ, ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳು, ಅಲ್ಪಸಂಖ್ಯಾತರು ಹೆಚ್ಚಿರುವ 90 ಜಿಲ್ಲೆಗಳಿಗೆ ವಿಶೇಷ ಯೋಜನೆ, ಎಲ್ಲ ಅವರ ಅವಧಿಯಲ್ಲೇ ಶುರುವಾದವು. ಆ 90ರಲ್ಲಿ ಕರ್ನಾಟಕದ್ದು ಎರಡು: ಬೀದರ್, ಗುಲ್ಬರ್ಗಾ. ಯೋಜನೆಗಳ ಹಣ ಪೂರ್ತಿ ಖರ್ಚಾಗುತ್ತಿಲ್ಲ ಎಂಬ ದೂರು ಆಗಲೂ ಇತ್ತು. ಆದರೂ ಉರ್ದು ಶಾಲೆಯ ನಾವು ವರ್ಷಾ ವರ್ಷಾ ಮಕ್ಕಳಿಂದ ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಕೇಳಿ ಕೇಳಿ ತುಂಬಿದ ಆ ಅರ್ಜಿಗಳ ಮೂಲ ಅಲ್ಲಿದೆ. ಒಂದರಿಂದ ಎಂಟನೇ ತರಗತಿಯವರೆಗಿನ ಮಕ್ಕಳಿಗೆ ಆ ವೇತನ 2022ರಲ್ಲಿ ನಿಂತುಹೋಯಿತು.

2008ರ ಡಿಸೆಂಬರಿನಲ್ಲಿ ಅವರ ನಾಲಿಗೆ ಅವರನ್ನು ಮತ್ತೆ ಬಿರುಗಾಳಿಗೆ ತಳ್ಳಿತು. ಮುಂಬೈ ದಾಳಿಯಲ್ಲಿ ಸತ್ತ ಎಟಿಎಸ್ ಮುಖ್ಯಸ್ಥ ಹೇಮಂತ್ ಕರ್ಕರೆ ಮಾಲೆಗಾಂವ್ ಸ್ಫೋಟದ ತನಿಖೆ ನಡೆಸುತ್ತಿದ್ದವರು. ಅವರನ್ನು ಆ ರಾತ್ರಿ ಆ ಕಡೆಗೆ ಕಳಿಸಿದ್ದು ಯಾರು ಅಂತ ತನಿಖೆಯಾಗಲಿ ಎಂದರು ಅಂತುಳೆ. ಸಂಸತ್ತು ಹೊತ್ತಿ ಉರಿಯಿತು. ಗೃಹ ಸಚಿವ ಚಿದಂಬರಂ ಸದನದಲ್ಲಿ ಆ ಸಂಶಯವನ್ನು ತಳ್ಳಿಹಾಕಿದರು, ಅಂತುಳೆ ಅದನ್ನು ಒಪ್ಪಿಕೊಂಡರು. ನಮ್ಮ ಮೊಹಲ್ಲಾಗಳಲ್ಲಿ ಅವತ್ತು ಅವರು ಹೀರೋ. ನನಗೆ ಮಾತ್ರ, ಸಂಪುಟದ ಸಚಿವನಿಗೆ ಅನುಮಾನ ಇದ್ದರೆ ಅದನ್ನು ಎತ್ತುವ ಜಾಗ ಸಂಪುಟದ ಒಳಗಿತ್ತು ಅನಿಸುತ್ತದೆ. ಟಿವಿ ಕ್ಯಾಮರಾ ಮುಂದೆ ಎಸೆದ ಮಾತಿನಿಂದ ಕರ್ಕರೆಯ ತನಿಖೆಗೂ ಲಾಭವಾಗಲಿಲ್ಲ, ನಮಗೂ ಆಗಲಿಲ್ಲ.

ಕನ್ನಡ ಓದುಗರು ಇಲ್ಲಿ ನಜೀರ್ ಸಾಬರನ್ನು ನೆನೆಯದೆ ಇರಲಾರರು. ಅಂತುಳೆ ಇಳಿದ ಮರುವರ್ಷ, 1983ರಲ್ಲಿ, ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬರು ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಮಂತ್ರಿಯಾದರು. ಹಳ್ಳಿಹಳ್ಳಿಗೆ ಬೋರ್‌ವೆಲ್ ತಂದು 'ನೀರ್ ಸಾಬ್' ಆದರು, ಜಿಲ್ಲಾ ಪರಿಷತ್ತುಗಳಿಗೆ ಅಧಿಕಾರ ಹಂಚಿದರು. ಮುಖ್ಯಮಂತ್ರಿ ಆಗಲಿಲ್ಲ. ಅಂತುಳೆ ಎಲ್ಲ ನಿರ್ಧಾರವನ್ನೂ ತಮ್ಮ ಮೇಜಿಗೆ ತಂದುಕೊಂಡು ವೇಗವಾಗಿ ಕೆಲಸ ಮಾಡಿದವರು, ನಜೀರ್ ಸಾಬರು ಮೇಜನ್ನೇ ಹಳ್ಳಿಗೆ ಸಾಗಿಸಿದವರು. ಇಬ್ಬರಲ್ಲಿ ನನ್ನ ಮನಸ್ಸು ಯಾರ ಕಡೆ ಅಂತ ಹೇಳಬೇಕಾಗಿಲ್ಲ. ಆದರೆ ತೂಗುವಾಗ ಒಂದು ಕಲ್ಲು ಸೇರಿಸಬೇಕು: ರಾಜ್ಯದ ಚುಕ್ಕಾಣಿ ನಜೀರ್ ಸಾಬರ ಕೈಗೆ ಬಂದಿರಲಿಲ್ಲ.

ಚುಕ್ಕಾಣಿಯ ಮಾತು ಬಂದದ್ದಕ್ಕೆ ಒಂದು ಪಟ್ಟಿ. ಜಮ್ಮು ಕಾಶ್ಮೀರ ಬಿಟ್ಟು ನೋಡಿದರೆ ರಾಜಸ್ಥಾನದಲ್ಲಿ ಬರ್ಕತುಲ್ಲಾ ಖಾನ್, ಬಿಹಾರದಲ್ಲಿ ಅಬ್ದುಲ್ ಗಫೂರ್, ಮಣಿಪುರದಲ್ಲಿ ಅಲಿಮುದ್ದೀನ್, ಕೇರಳದಲ್ಲಿ ಕೆಲವೇ ವಾರ ಸಿ.ಎಚ್. ಮೊಹಮ್ಮದ್ ಕೋಯ, ಅಸ್ಸಾಮಿನಲ್ಲಿ ಸೈಯದಾ ಅನ್ವರಾ ತೈಮೂರ್. 1980ರ ಡಿಸೆಂಬರಿನಿಂದ 1981ರ ಜೂನ್‌ವರೆಗೆ ದೇಶದ ಎರಡು ರಾಜ್ಯಗಳಲ್ಲಿ, ಗುವಾಹಟಿಯಲ್ಲಿ ತೈಮೂರ್, ಮುಂಬೈಯಲ್ಲಿ ಅಂತುಳೆ, ಇಬ್ಬರು ಮುಸ್ಲಿಂ ಮುಖ್ಯಮಂತ್ರಿಗಳು ಒಟ್ಟಿಗೇ ಇದ್ದರು. ಕೇಂದ್ರಾಡಳಿತದ ಪುದುಚೇರಿಯಲ್ಲಿ ಫಾರೂಕ್ ಆಮೇಲೂ ಬಂದರು. ರಾಜ್ಯ ಎನಿಸಿಕೊಂಡ ಕಡೆ, ಕಾಶ್ಮೀರ ಬಿಟ್ಟರೆ, 1982ರ ಜನವರಿಯ ಆ ರಾಜೀನಾಮೆಯ ನಂತರ ಒಬ್ಬರೂ ಇಲ್ಲ.

2009ರ ಚುನಾವಣೆಯ ಹೊತ್ತಿಗೆ ಕ್ಷೇತ್ರ ಮರುವಿಂಗಡಣೆಯಾಗಿ ಕೊಲಾಬಾ ಎಂಬ ಹೆಸರು ಹೋಗಿತ್ತು. ಪನ್ವೇಲ್, ಉರಣ್, ಕರ್ಜತ್ ಕಡೆಯೆಲ್ಲ ಮಾವಳಕ್ಕೆ ಸೇರಿ, ದಾಪೋಲಿ, ಗುಹಾಗರ್ ಈಚೆ ಬಂದು, ಹೊಸ ಕ್ಷೇತ್ರಕ್ಕೆ ರಾಯಗಡ ಎಂಬ ಹೆಸರಾಯಿತು. ಜಿಲ್ಲೆಗೆ ತಾವೇ ಇಟ್ಟ ಹೆಸರಿನ ಕ್ಷೇತ್ರದಲ್ಲಿ ಅಂತುಳೆ ಶಿವಸೇನೆಯ ಅನಂತ ಗೀತೆ ಎದುರು ಒಂದು ಲಕ್ಷಕ್ಕೂ ಮೀರಿದ ಅಂತರದಿಂದ ಸೋತರು. ಆಗ ಅವರಿಗೆ 80. ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. 2014ರ ಡಿಸೆಂಬರ್ 2ರಂದು ಮುಂಬೈಯಲ್ಲಿ ತೀರಿಕೊಂಡರು.